ಬಾಕ್ಸಿನ ಮೇಲಿನ ಡ್ರೈವರ್

ನನ್ನ ಕಸುಬು ಮುಖ ಕತ್ತರಿಸುವುದು. ಬೈಲಹೊಂಗಲದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಪುಣ್ಯತಿಥಿ, ಸೊಸೈಟಿ ಚುನಾವಣೆ, ಏನೇ ಇರಲಿ, ಜನ ಮೊಬೈಲಿನಲ್ಲಿ ಒಂದು ಮುಖ ಹಿಡಿದುಕೊಂಡು ಬರುತ್ತಾರೆ. ನಾನು ಅದರ ಕಿವಿ, ಕೂದಲು, ಟೊಪ್ಪಿಗೆಯ ಅಂಚು ಹಿಡಿದು ಕತ್ತರಿಸಿ, ಹಿಂದೆ ಸೂರ್ಯನನ್ನೋ ಹುಲಿಯನ್ನೋ ಇಟ್ಟು ಕೊಡುತ್ತೇನೆ. ಕೆಳಗೆ ಶುಭ ಕೋರುವವರ ಸಾಲು. ಆ ಸಾಲಿನಲ್ಲಿ ತನ್ನ ಮುಖ ಪಕ್ಕದವನದ್ದಕ್ಕಿಂತ ಬೆರಳಷ್ಟು ಸಣ್ಣದಾಯಿತೆಂದು ಅಂಗಡಿಗೆ ಬಂದು ಕೂಗಾಡಿದ ಹಿರಿಯರಿದ್ದಾರೆ. ನಾನು ಧಾರವಾಡದಲ್ಲಿ ಚಿತ್ರಕಲೆ ಕಲಿತು ಬಂದವನು. ಅದನ್ನು ಹೇಳಿಕೊಂಡರೆ, ಹಾಗಾದರೆ ನಮ್ಮ ಫೋಟೊ ಇನ್ನಷ್ಟು ಬೆಳ್ಳಗೆ ಮಾಡಿಕೊಡಿ ಅನ್ನುತ್ತಾರೆ. ಈಗ ಹೇಳುವುದನ್ನೇ ಬಿಟ್ಟಿದ್ದೇನೆ.

ಎಂ.ಕೆ. ಹುಬ್ಬಳ್ಳಿಯಲ್ಲಿರುವ ನನ್ನ ಶಾಲೆಯ ಗೆಳೆಯನೊಬ್ಬ ಟ್ರ್ಯಾಕ್ಟರಿನ ಪುಟ್ಟ ಮಾದರಿಗಳನ್ನು ಮಾಡುತ್ತಾನೆ. ಅದು ಸಕ್ಕರೆ ಕಾರ್ಖಾನೆಯ ಊರು. ಕಬ್ಬು ಹೇರಿದ ಜೋಡಿ ಟ್ರೇಲರುಗಳ ಸಾಲು ನೋಡುತ್ತಲೇ ಬೆಳೆದವರಿಗೆ ಟ್ರ್ಯಾಕ್ಟರಿನ ಹುಚ್ಚು ಹಿಡಿಯದೆ ಇನ್ನೇನು. ಅವನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬಾನೆಟ್ಟು, ಮಡ್‌ಗಾರ್ಡು ಮಾಡುತ್ತಾನೆ, ರಬ್ಬರಿನ ಗಾಲಿ ಕೂರಿಸುತ್ತಾನೆ, ಕಸಬರಿಗೆ ಕಡ್ಡಿಗಳಿಗೆ ಬಣ್ಣ ಬಳಿದು ಕಬ್ಬಿನ ಹೊರೆ ಕಟ್ಟುತ್ತಾನೆ. ಕೆಲಸ ಒಳ್ಳೆಯದು, ಸುಳ್ಳು ಯಾಕೆ ಹೇಳಲಿ. ಹೋದ ವರ್ಷ ಅವನಿಗೆ ಬಿಡಿಭಾಗಗಳನ್ನು ಬಾಕ್ಸಿನಲ್ಲಿಟ್ಟು, ಕೊಂಡವರೇ ಜೋಡಿಸಿಕೊಳ್ಳುವಂತೆ ಮಾರುವ ಯೋಚನೆ ಬಂತು. ಪುಣೆ, ಮುಂಬೈ ಕಡೆಯವರು ಮೊಬೈಲಿನಲ್ಲಿ ನೋಡಿ ಕೇಳುತ್ತಿದ್ದರಂತೆ. ಬಾಕ್ಸಿನ ಮುಚ್ಚಳಕ್ಕೆ ಒಂದು ಚಿತ್ರ ಮಾಡಿಕೊಡು ಎಂದು ನನ್ನಲ್ಲಿಗೆ ಬಂದ. ನಾನು ಬೇಡವೆನ್ನುವ ಮಾತೇ ಇರಲಿಲ್ಲ.

ಕಾರಣವಿತ್ತು. ಕಾಲೇಜಿನ ದಿನಗಳಲ್ಲಿ ಬೆಳಗಾವಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಯಾವುದೋ ವಿದೇಶಿ ವಿಮಾನದ ಮಾದರಿಯ ಖಾಲಿ ಬಾಕ್ಸ್ ನೋಡಿದ್ದೆ. ಮುಚ್ಚಳದ ಮೇಲೆ ಕೈಯಿಂದ ಬರೆದ ಚಿತ್ರ. ಮೋಡ ಸೀಳಿಕೊಂಡು ವಿಮಾನ ನೇರವಾಗಿ ಮೈಮೇಲೆ ಬರುತ್ತಿತ್ತು. ಒಳಗಿದ್ದದ್ದು ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳೇ ಇರಬೇಕು, ಆದರೆ ಆ ಚಿತ್ರ ಬರೆದವನು ತುಂಡುಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಸುಳ್ಳು ನನಗೆ ಬಹಳ ಹಿಡಿಸಿತು. ಫ್ಲೆಕ್ಸಿನಲ್ಲಿ ನಾನು ಹೇಳುವ ಸುಳ್ಳಿನಿಂದ ಯಾರದೋ ಮುಖ ದೊಡ್ಡದಾಗುತ್ತದೆ. ಈ ಸುಳ್ಳಿನಿಂದ ನೋಡುವವನ ಎದೆ ದೊಡ್ಡದಾಗುತ್ತದೆ.

ಮಾದರಿಯನ್ನು ಮಾಳಿಗೆಯ ಮೇಲೆ ಎರೆಮಣ್ಣು ಹರಡಿ ನಿಲ್ಲಿಸಿದೆ. ಹೊಟ್ಟೆಯ ಮೇಲೆ ಮಲಗಿ, ಕ್ಯಾಮೆರಾ ನೆಲಕ್ಕೆ ಹಚ್ಚಿ ಫೋಟೊ ತೆಗೆದರೆ ಮುಂದಿನ ಗಾಲಿ ಮನೆಯಷ್ಟು ಕಂಡಿತು. ಆಕಾಶಕ್ಕೆ ಸವದತ್ತಿಗೆ ಹೋಗಿ ಜಲಾಶಯದ ಹಿನ್ನೀರಿನ ಮೇಲೆ ಸಂಜೆಯ ಮೋಡ ಹಿಡಿದು ತಂದೆ. ಬೆನ್ನಿಗೆ ರಾಮದುರ್ಗದ ಕಡೆಯ ತೊರಗಲ್ ಕೋಟೆಯ ಗುಡ್ಡ. ರಸ್ತೆ ನಮ್ಮದೇ, ತಗ್ಗುದಿನ್ನೆಗಳ ಸಮೇತ. ಈ ಮೂರೂ ಒಟ್ಟಿಗೆ ಕಾಣುವ ಜಾಗ ಜಿಲ್ಲೆಯಲ್ಲಿ ಎಲ್ಲಿಯೂ ಇಲ್ಲ. ಆಮೇಲೆ ಫೋಟೊಶಾಪಿನಲ್ಲಿ ಬಣ್ಣಗಳನ್ನು ಒಂದೊಂದಾಗಿ ಕೊಂದೆ. ಅರಿಶಿನ, ಇಟ್ಟಂಗಿ ಕೆಂಪು, ನವಿಲು ನೀಲಿ, ಇಷ್ಟೇ ಉಳಿಸಿಕೊಂಡು ಅಂಚುಗಳ ಮೇಲೆ ಡಿಜಿಟಲ್ ಪೆನ್ನಿನಿಂದ ಕುಂಚದ ಹೊಡೆತಗಳನ್ನು ಎಳೆದೆ. ಹಳೆಯ ಅಚ್ಚಿನಲ್ಲಿ ಕೆಂಪು ಬಣ್ಣ ಗೆರೆಯಿಂದ ಸ್ವಲ್ಪ ಸರಿದು ಬೀಳುತ್ತಿತ್ತಲ್ಲ, ಹಾಗೆ ಬೇಕೆಂದೇ ಸರಿಸಿದೆ. ಮೂಲೆಗಳನ್ನು ತಿಕ್ಕಿ ಬಿಳಿಚಿಸಿದೆ. ಗೆಳೆಯ ಅರ್ಧಕ್ಕೇ ಬಂದು ನೋಡಿ, ಹೊಸ ಬಾಕ್ಸ್ ಯಾಕೆ ಗುಜರಿಯಿಂದ ತಂದ ಹಾಗೆ ಕಾಣುತ್ತಿದೆ ಎಂದು ಹುಬ್ಬು ಗಂಟಿಕ್ಕಿದ. ಮುಂಬೈಯವರಿಗೆ ಇದೇ ರುಚಿ ಎಂದೆ, ಒಪ್ಪಿದ.

ಟ್ರ್ಯಾಕ್ಟರ್ ತಾನಾಗಿ ಓಡುವುದಿಲ್ಲ. ಸೀಟಿನ ಮೇಲೊಬ್ಬ ಬೇಕು. ಯಾರೆಂದು ನಾನು ಯೋಚಿಸಲೂ ಇಲ್ಲ.

ನನ್ನ ಅಣ್ಣ ಪ್ರಾಯದಿಂದ ಸೊಂಟ ಬೀಳುವವರೆಗೂ ಟ್ರ್ಯಾಕ್ಟರ್ ಓಡಿಸಿದವನು. ಓಡಿಸಿದ್ದು ಈ ಗೆಳೆಯನ ತಂದೆಯ ಗಾಡಿ. ಸಾವಕಾರರು ಎಂದೇ ನಾವು ಅವರನ್ನು ಕರೆಯುತ್ತಿದ್ದೆವು, ಈಗ ಅವರಿಲ್ಲ. ಅಣ್ಣ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ರಾತ್ರಿಗಟ್ಟಲೆ ಟ್ರೇಲರಿನ ಕೆಳಗೆ ಮಲಗಿದ್ದಾನೆ, ಒಮ್ಮೆ ಇಳಿಜಾರಿನಲ್ಲಿ ಹಿಂದಿನ ಟ್ರೇಲರ್ ಅಡ್ಡ ಬಿದ್ದಾಗ ಗಾಡಿ ಉಳಿಸಿ ಭುಜ ಮುರಿದುಕೊಂಡಿದ್ದಾನೆ. ಬಾನೆಟ್ಟಿನ ಹಣೆಗೆ ಸಾವಕಾರರ ಹೆಸರು, ಟ್ರೇಲರಿನ ಬೆನ್ನಿಗೆ ಅವರ ಮಕ್ಕಳ ಹೆಸರು. ದಸರೆಯ ಪೂಜೆಯಲ್ಲಿ ಗಾಡಿಗೆ ಹಾರ ಹಾಕಿ ಮನೆಮಂದಿಯೆಲ್ಲ ಫೋಟೊಕ್ಕೆ ನಿಲ್ಲುತ್ತಿದ್ದರು. ಅಣ್ಣ ಟ್ರ್ಯಾಕ್ಟರನ್ನು ಬೆಳಕಿಗೆ ಸರಿಯಾಗಿ ತಂದು ನಿಲ್ಲಿಸಿ, ಇಳಿದು, ಪಕ್ಕಕ್ಕೆ ಸರಿಯುತ್ತಿದ್ದ. ಆಚೆ ಸರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಅವನಿಗೆ ಅಭ್ಯಾಸವಾಗಿತ್ತು. ಆ ಗಾಡಿಯ ಜೊತೆ ಅವನದೊಂದು ಫೋಟೊ ಇಲ್ಲ. ಇಷ್ಟು ವರ್ಷ ಊರವರೆಲ್ಲರ ಮುಖವನ್ನು ಕಮಾನಿಗೆ ಏರಿಸಿದ ನನಗೆ ಒಡಹುಟ್ಟಿದವನ ಮುಖವನ್ನು ಒಂದು ಮುಚ್ಚಳದ ಮೇಲೆ ಇಡಬೇಕೆನಿಸಿತು. ಅಷ್ಟೇ ನನ್ನ ಆಸೆ, ಮತ್ತು ಅದಕ್ಕಾಗಿಯೇ ಆ ಚಿತ್ರದ ಮೇಲೆ ಅಷ್ಟು ಜೀವ ತೇಯ್ದೆ.

ಅಣ್ಣ ಈಗ ನನ್ನ ಅಂಗಡಿಯಲ್ಲೇ ಕೂತು ಫ್ಲೆಕ್ಸಿಗೆ ಕಟ್ಟಿಗೆಯ ಚೌಕಟ್ಟು ಹೊಡೆಯುತ್ತಾನೆ. ವಿಷಯ ಹೇಳಿದಾಗ ಹೋಗೋ ಎಂದು ನಕ್ಕ. ಮರುದಿನ ಗಡ್ಡ ಬೋಳಿಸಿ, ಮದುವೆಗಳಿಗೆಂದು ಇಟ್ಟ ಹಸಿರು ಚೌಕಳಿ ಅಂಗಿ ತೊಟ್ಟು ಬಂದ. ಕಬ್ಬು ಹೇರುವವರು ಇಂಥ ಅಂಗಿ ಹಾಕುತ್ತಾರೇನು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಸ್ಟೇರಿಂಗ್ ಬದಲು ಊಟದ ತಾಟು ಹಿಡಿಸಿದೆ. ಕ್ಯಾಮೆರಾ ನೋಡು ಅಂದರೆ ಅವನು ಹೆಗಲ ಮೇಲಿಂದ ಹಿಂದಕ್ಕೆ ನೋಡಿದ. ಯಾಕೆ ಎಂದೆ. "ಹಿಂದಿನ ಟ್ರೇಲರ್ ಬರಾಕ ಹತ್ತೈತೋ ಇಲ್ಲೋ ನೋಡಬೇಕಲ್ಲ," ಎಂದ. ಹಾಗೇ ತೆಗೆದೆ. ಅದಕ್ಕಿಂತ ಚೆಂದದ ಭಂಗಿ ನನ್ನ ಮಾಸ್ತರರಿಗೂ ಹೊಳೆಯುತ್ತಿರಲಿಲ್ಲ.

ಅಂದಿನಿಂದ ಅವನು ಬೇರೆಯೇ ಮನುಷ್ಯನಾದ. ಎದುರಿನ ಚಹದಂಗಡಿಯಲ್ಲಿ ಕಂಡ ಕಂಡವರಿಗೆಲ್ಲ ನನ್ನ ಫೋಟೊ ಬಾಕ್ಸಿನ ಮೇಲೆ ಬರುತ್ತದೆ, ಮುಂಬೈಗೆ ಹೋಗುತ್ತದೆ ಎಂದು ಹೇಳಿಕೊಂಡ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದೇ ತಡ, ಬಂತೇನು ಎಂದು ಕೇಳುತ್ತಿದ್ದ. ನನಗೆ ನಗು ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಚಿತ್ರ ಮುಗಿದ ದಿನ ಗೆಳೆಯ ಬಂದ. ಅಣ್ಣ ಆಗ ಕಟ್ಟಿಗೆ ತರಲು ಹೋಗಿದ್ದ. ಗೆಳೆಯ ಆಕಾಶ ಹೊಗಳಿದ, ಕೋಟೆ ಹೊಗಳಿದ, ಗಾಲಿಯ ಮಣ್ಣು ಹೊಗಳಿದ. ಆಮೇಲೆ ಸೀಟಿನ ಮೇಲೆ ಬೆರಳಿಟ್ಟ.

"ಇಲ್ಲಿ ನಮ್ಮಪ್ಪನ ಮುಖ ಕುಂಡ್ರಸು. ಗಾಡಿ ಅವರದು. ಅವರ ಹೆಸರಿನ್ಯಾಗ ಮಾಡಾಕ ಹತ್ತೇನಿ."

ನಿಮ್ಮಪ್ಪನಿಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತಿರಲಿಲ್ಲವಲ್ಲ ಎಂದೆ. ಅವನು ಸಿಟ್ಟಾಗಲಿಲ್ಲ, ನಕ್ಕ.

"ಡ್ರೈವರನ ಮುಖ ಯಾರ್ ನೋಡತಾರೋ?"

"ಯಾರೂ ನೋಡೂದಿಲ್ಲಂದ್ರ ಇದ್ದದ್ದು ಇರಲಿ ಬಿಡು," ಎಂದೆ.

ಅವನು ಕೈಯಲ್ಲಿದ್ದ ಚಹ ಕುಡಿದ. ಕುಡಿದಾದ ಮೇಲೆ, ಆಯಿತು, ನಿನ್ನಿಷ್ಟ ಎಂದ. ಬೆಳಗಾವಿಯ ಪ್ರೆಸ್ಸಿನವರು ತೆರೆದ ಫೈಲ್ ಕೇಳಿದ್ದಾರೆ ಎಂದು ಪೆನ್ ಡ್ರೈವ್ ಚಾಚಿದ. ತೆರೆದ ಫೈಲ್ ಎಂದರೆ ಆಕಾಶ, ಕೋಟೆ, ಗಾಡಿ, ಮನುಷ್ಯ ಎಲ್ಲವೂ ಬೇರೆ ಬೇರೆ ಪದರಗಳಲ್ಲಿರುವ ಫೈಲ್. ಕೈಗೆ ಸಿಕ್ಕವರು ಯಾವ ಪದರವನ್ನಾದರೂ ಎತ್ತಿ ಹಾಕಬಹುದು. ಗಿರಾಕಿಗಳಿಗೆ ನಾನು ಅದನ್ನು ಕೊಡುವವನಲ್ಲ. ಒಂದೇ ಬೆಂಚಿನಲ್ಲಿ ಕೂತು ಕಲಿತವನು ಗಿರಾಕಿ ಹೇಗಾದಾನು, ಹಾಕಿಕೊಟ್ಟೆ.

ಬಾಕ್ಸ್ ಬಂತು. ಪೇಡೆಯ ಪೊಟ್ಟಣದ ಜೊತೆ ಗೆಳೆಯನೇ ತಂದ. ನನಗೆ ಕೊಡದೆ ನೇರ ಅಣ್ಣನ ಕೈಗಿಟ್ಟ. ಅಣ್ಣ ಧೂಳಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದ. ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ.

ಹಸಿರು ಚೌಕಳಿ ಅಂಗಿ ಅಣ್ಣನದು. ಸ್ಟೇರಿಂಗ್ ಹಿಡಿದ ಕೈ ಅಣ್ಣನದು. ಕೊರಳ ಮೇಲೆ ಸಾವಕಾರರ ಮುಖ. ಅದು ಅವರ ಪುಣ್ಯತಿಥಿಯ ಫ್ಲೆಕ್ಸಿಗೆ ನಾನೇ ಕತ್ತರಿಸಿಕೊಟ್ಟ ಮುಖ. ಕಿವಿಯ ಹಿಂದಿನ ಅಂಚು ನೋಡಿದ ಕೂಡಲೇ ಗುರುತು ಹಿಡಿದೆ. ಸಂಜೆಯ ಬೆಳಕು ಎಡದಿಂದ ಬೀಳುತ್ತಿದ್ದರೆ ಆ ಮುಖದ ಮೇಲೆ ಸ್ಟುಡಿಯೊದ ಫ್ಲಾಶ್ ಹೊಳೆಯುತ್ತಿತ್ತು. ಅಷ್ಟು ಧೂಳಿನಲ್ಲೂ ಟೊಪ್ಪಿಗೆ ಇಸ್ತ್ರಿ ಮಾಡಿದಂತಿತ್ತು. ಮೈ ಹಿಂದಕ್ಕೆ ತಿರುಗಿದ್ದರೂ ಅವರು ರಸ್ತೆಯನ್ನೂ ನೋಡುತ್ತಿರಲಿಲ್ಲ, ಟ್ರೇಲರನ್ನೂ ನೋಡುತ್ತಿರಲಿಲ್ಲ, ಬಾಕ್ಸ್ ಕೊಳ್ಳುವವನನ್ನು ನೋಡಿ ಮುಗುಳುನಗುತ್ತಿದ್ದರು. ಗೆಳೆಯ ಇದನ್ನು ಕಿತ್ತೂರಿನ ಯಾವುದೋ ಅಂಗಡಿಯ ಹುಡುಗನ ಕೈಯಲ್ಲಿ ಮಾಡಿಸಿದನಂತೆ.

"ಮೈ ನಿಂದ ಇಟ್ಟೇವಿ ಅಣ್ಣಾ," ಎಂದ ಗೆಳೆಯ. "ಬರೇ ಮುಖ ಅಷ್ಟ ಬದಲಿ ಮಾಡೇವಿ."

ಅದನ್ನು ಅವನು ಉಪಕಾರ ಮಾಡಿದವನ ಹಾಗೆ ಹೇಳಿದ. ಅವನಿಗೆ ನಿಜವಾಗಿಯೂ ಹಾಗೇ ಅನಿಸಿತ್ತು, ನನಗೆ ರೇಗಿದ್ದೂ ಅದಕ್ಕೇ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇನ್ನು ಮೇಲೆ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟೇ ಎಂದು ಅವನು ಅಣ್ಣನ ಮುಖ ನೋಡಿದ. ಅಣ್ಣ ನನಗೇ ಸುಮ್ಮನಿರು ಎಂದ. ಗೆಳೆಯ ಹೋದ ಮೇಲೂ ನಾನು ಬಯ್ಯುತ್ತಲೇ ಇದ್ದೆ. ಪೇಡೆಯ ಪೊಟ್ಟಣವನ್ನು ಹೊರಗೆ ಎಸೆದೆ.

ಅಣ್ಣ ಬಾಕ್ಸನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದ. ಕೋಟೆಯ ಮೇಲೆ ಕೈಯಾಡಿಸಿದ. ಆಮೇಲೆ ಹೆಬ್ಬೆರಳನ್ನು ಸಾವಕಾರರ ಮುಖದ ಮೇಲಿಟ್ಟು, ನನ್ನ ಕಡೆ ತಿರುಗಿಸಿ ಹಿಡಿದ.

"ಹಿಂಗ ಹಿಡದ್ರ ನಾನ ನೋಡು," ಎಂದ.

ಹೊಸದಾಗಿ ಒಂದು ಅಚ್ಚು ಹಾಕಿಸುತ್ತೇನೆ, ನಿನ್ನ ಮುಖದ್ದೇ, ಎಂದು ಸಂಜೆ ಹೇಳಿದೆ. ಬೇಡ ಎಂದ. ಮಾರಾಟಕ್ಕೆ ಹೋಗುವುದು ಇದೇ ಅಲ್ಲವೇ, ಮನೆಯಲ್ಲಿ ಗೋಡೆಗೆ ಹಚ್ಚಿಕೊಂಡು ಏನು ಮಾಡಲಿ ಎಂದ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಅಣ್ಣ ಬಾಕ್ಸ್ ಹಿಡಿದು ಕೂತಿದ್ದ. ಸುತ್ತ ಐದಾರು ಜನ ಬಗ್ಗಿ ನೋಡುತ್ತಿದ್ದರು. ಮುಖ ಯಾಕೆ ಮುಚ್ಚಿದ್ದೀ, ಕೈ ತೆಗಿ ಎಂದು ಒಬ್ಬ ಅನ್ನುತ್ತಿದ್ದ. ಅಲ್ಲಿ ಬಣ್ಣ ಇನ್ನೂ ಹಸಿ ಇದೆ ಎಂದು ಅಣ್ಣ ಹೇಳಿದ, ಮತ್ತು ಬಾಕ್ಸನ್ನು ಯಾರ ಕೈಗೂ ಕೊಡದೆ, ಹೆಬ್ಬೆರಳು ಎತ್ತದೆ, ಒಬ್ಬೊಬ್ಬರಿಗೂ ತಿರುಗಿಸಿ ತೋರಿಸಿದ.