ಬುಟ್ಬುಡಿ ಅಣ್ಣ

ಮೂವತ್ತೊಂದು ವರ್ಷ ನಾನು ಮೈಸೂರಿನ ಒಂದು ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿದ್ದೆ. ಟಿಕೆಟ್ ಹರಿಯುವುದು, ಬ್ಯಾಟರಿ ಬಿಟ್ಟು ಸೀಟು ತೋರಿಸುವುದು, ಇಂಟರ್ವಲ್ಲಿನಲ್ಲಿ ಬಾಗಿಲು ತೆಗೆಯುವುದು. ಇದು ಎಲ್ಲರಿಗೂ ಕಾಣುತ್ತಿದ್ದ ಕೆಲಸ. ಕಾಣದ ಕೆಲಸ ಇನ್ನೊಂದಿತ್ತು. ಹೊಸ ಚಿತ್ರದ ಮೊದಲ ಆಟಕ್ಕೆ ಮ್ಯಾನೇಜರು ನನ್ನ ಖಾಕಿ ಅಂಗಿ ಬಿಚ್ಚಿಸಿ, ಬಣ್ಣದ ಅಂಗಿ ಹಾಕಿಸಿ, ಸೆಕೆಂಡ್ ಕ್ಲಾಸಿನ ನಡುಮಧ್ಯೆ ಕೂರಿಸುತ್ತಿದ್ದರು. "ಎತ್ತಿಕೊಡೋ" ಅನ್ನುತ್ತಿದ್ದರು. ಭಜನೆಯಲ್ಲಿ ಒಬ್ಬ ಹೇಳಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ನಾನು ಶಿಳ್ಳೆ ಹಾಕಿದರೆ ಹಾಲೆಲ್ಲ ಶಿಳ್ಳೆ. ಮ್ಯಾನೇಜರಿಗೆ ಬೇಡದ, ಬೇಗ ತೆಗೆಯಬೇಕಾದ ಚಿತ್ರವಾದರೆ ದುಃಖದ ಸೀನಿನಲ್ಲಿ ನಾನೊಂದು ಆಕಳಿಕೆ ತೆಗೆದರೆ ಸಾಕು, ಹಿಂದಿನ ಸಾಲಿನಿಂದ ನಗು ಬರುತ್ತಿತ್ತು. ಕತ್ತಲಲ್ಲಿ ಕೂತ ಜನಕ್ಕೆ ತಮಗೆ ಏನನ್ನಿಸುತ್ತಿದೆ ಎಂದು ತಕ್ಷಣ ಗೊತ್ತಾಗುವುದಿಲ್ಲ. ಮೊದಲು ಬಾಯಿ ಬಿಟ್ಟವನು ಅದನ್ನು ಹೇಳಿಕೊಡುತ್ತಾನೆ. ಇಷ್ಟು ತಿಳಿದವನು ನಾನು. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿ ನನಗಿಲ್ಲ. ಅದಕ್ಕೇ ಇದನ್ನು ಮೊದಲೇ ಬರೆದಿದ್ದೇನೆ.

ಟಾಕೀಸು ಒಡೆದು ಹಾಕಿದ ಮೇಲೆ ಹಿನಕಲ್ಲಿನ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು. ಮೇಲಿನ ಎರಡು ಕೋಣೆಗೆ ಇಲವಾಲದ ಕಡೆಯ ಒಬ್ಬ ಹೆಂಗಸು ಬಾಡಿಗೆಗೆ ಬಂದಳು. ಗಂಡ ತೀರಿಹೋಗಿದ್ದ. ಬ್ಲೌಸ್ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಪಿಯುಸಿ ಮುಗಿಸಿದ್ದಳು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ನಾನು ಅಂಗಳದಿಂದ "ನೀರು ಬಂತು" ಎಂದು ಮೇಲಕ್ಕೆ ಕೂಗುತ್ತಿದ್ದೆ. ಆ ಹುಡುಗಿ ಇಳಿದು ಬಂದು ನನ್ನ ಕೈಯ ಬಿಂದಿಗೆ ಕಿತ್ತುಕೊಳ್ಳುತ್ತಿದ್ದಳು. "ಬುಡಿ ತಾತ, ನಿಮ್ಗ್ಯಾಕೆ ಇವೆಲ್ಲ, ನಾನ್ ಎತ್ಕೊತೀನಿ" ಅನ್ನುತ್ತಿದ್ದಳು.

ಅವಳಿಗೆ ನಾಟಕದ ಶಾಲೆಗೆ ಸೇರುವ ಆಸೆ. ತಾಯಿಗೆ ಇಷ್ಟವಿರಲಿಲ್ಲ. ಅಷ್ಟರಲ್ಲಿ ಕೆಲವು ಹುಡುಗರು ಒಂದು ಸಿನಿಮಾ ಮಾಡಲು ಹೊರಟು ಇವಳನ್ನು ಆರಿಸಿಕೊಂಡರು. ಕಾಲೇಜಿನ ಆರು ಜನ ಪಾಳುಬಿದ್ದ ರೈಸ್ ಮಿಲ್ಲಿಗೆ ಮೋಜಿಗೆ ಹೋಗುತ್ತಾರೆ. ಮುಖ ಮುಚ್ಚುವ ಹೆಲ್ಮೆಟ್ ಹಾಕಿದ ಒಬ್ಬ, ಎಳನೀರು ಕೊಚ್ಚುವ ಮಚ್ಚು ಹಿಡಿದು, ಅವರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಇಷ್ಟೇ ಕಥೆ. ಇವಳು ಸಾಯುವವರಲ್ಲಿ ಮೂರನೆಯವಳು.

ತಾಯಿ ನಮ್ಮ ಜಗಲಿಯ ಮೇಲೆ ಕೂತು ನನ್ನೆದುರಿಗೇ ಮಗಳಿಗೆ ಷರತ್ತು ಹಾಕಿದಳು. "ಇದನ್ನ ನೋಡಿ ನಾಕ್ ಜನ ಚೆನ್ನಾಗದೆ ಅಂದ್ರೆ ನಾಟಕದ ಸ್ಕೂಲು. ಇಲ್ದಿದ್ರೆ ಗಾರ್ಮೆಂಟ್ಸು. ತಾತನೇ ಸಾಕ್ಷಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಥಿಯೇಟ್ರಲ್ಲಿದ್ದೋರು ಕಣಣ್ಣ. ಮೊದಲ್ನೇ ಆಟಕ್ಕೆ ನೀವು ಬರ್ಲೇಬೇಕು, ನೀವಿದ್ರೆ ನಮ್ಗೊಂದು ಧೈರ್ಯ" ಅಂದಳು.

ಬಿಡುಗಡೆಯ ದಿನ ಬೆಳಗಿನ ಆಟಕ್ಕೆ ಮೂವರೂ ಆಟೋದಲ್ಲಿ ಹೋದೆವು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದೆ. ನಾನೇನೋ ದೊಡ್ಡ ಮನುಷ್ಯನ ಹಾಗೆ ನನ್ನನ್ನು ಯಾರಾದರೂ ಮಾತಾಡಿಸುತ್ತಾರೆಂದು ಎಣಿಸಿದ್ದೆ. ಬಾಗಿಲ ಹತ್ತಿರ ಸಿನಿಮಾದವರು ಫೋಟೋಗೆ ನಿಂತರು. ಹುಡುಗಿ "ಬನ್ನಿ ತಾತ" ಎಂದು ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು. ಕ್ಯಾಮೆರಾ ಹಿಡಿದವನು "ಬಿಳಿ ಶರ್ಟ್ ಅಂಕಲ್, ಸ್ವಲ್ಪ ಸೈಡಿಗೆ ಹೋಗಿ, ಫ್ರೇಮಲ್ಲಿ ಬರ್ತಿದ್ದೀರ" ಅಂದ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದು ಆಚೆ ಸರಿಸಿದರು. ನಾಲ್ಕು ಜನ ನೋಡಿದರು. ಆಮೇಲೆ ನಾನು ಮಾಡಿದ್ದಕ್ಕೆ ಕಾರಣ ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುವುದಕ್ಕೆ ಸುಲಭವಾಗುತ್ತಿತ್ತು.

ತಾಯಿ ಮಗಳು ಸಿನಿಮಾದವರ ಜೊತೆ ಹಿಂದಿನ ಸಾಲಿನಲ್ಲಿ ಕೂತರು. ನಾನು ಬೇಕೆಂದೇ ನಡುಮಧ್ಯೆ ಹೋಗಿ ಕೂತೆ. ಹಾಲು ಮುಕ್ಕಾಲು ತುಂಬಿತ್ತು, ಹೆಚ್ಚಿನವರು ಕಾಲೇಜಿನವರು. ಮೊದಲ ಎರಡು ಕೊಲೆಗೆ ಹುಡುಗಿಯರು ಚೀರಿದರು, ಹುಡುಗರು ಕುರ್ಚಿಗೆ ಒದ್ದರು. ಭಯ ಹಿಡಿಯುತ್ತಿತ್ತು. ಆಮೇಲೆ ಇವಳ ಸೀನು. ಬತ್ತದ ಚೀಲಗಳ ಸಂದಿಯಲ್ಲಿ ಅವಿತಿದ್ದಾಳೆ. ಹೆಲ್ಮೆಟ್ಟಿನವನು ಬಂದು ಜಡೆ ಹಿಡಿದು ಎಳೆಯುತ್ತಾನೆ. ಬರೆದುಕೊಟ್ಟ ಮಾತು "ಪ್ಲೀಸ್, ಹೆಲ್ಪ್" ಅಂತಿತ್ತಂತೆ. ಮಚ್ಚು ಕಣ್ಣೆದುರು ಬಂದಾಗ ಇವಳಿಗೆ ನಿಜವಾಗಿಯೇ ದಿಗಿಲಾಗಿ ಮನೆಯ ಮಾತು ಬಂದುಬಿಟ್ಟಿತ್ತು. ಚೆನ್ನಾಗಿದೆಯೆಂದು ನಿರ್ದೇಶಕ ಅದನ್ನೇ ಉಳಿಸಿಕೊಂಡಿದ್ದ.

"ಬುಟ್ಬುಡಿ ಅಣ್ಣ. ನಮ್ಮವ್ವ ಉಣ್ಣದೆ ಕಾಯ್ತಾ ಕೂತಿರ್ತಾಳೆ. ಬುಟ್ಬುಡಿ."

ಕೊಲ್ಲಲು ಬಂದವನಿಗೂ ಅಣ್ಣ ಎಂದಿದ್ದಳು, ಬಹುವಚನ ಕೊಟ್ಟಿದ್ದಳು. ನಮ್ಮ ಕಡೆಯ ಹೆಣ್ಣುಮಕ್ಕಳು ಬಸ್ಸಿನ ಕಂಡಕ್ಟರಿಗೆ ಹೇಳುವ ಹಾಗೆಯೇ. ಹಾಲು ಗಪ್ಪೆಂದಿತು. ಅಂಥ ಮೌನವನ್ನು ನಾನು ಮೂವತ್ತೊಂದು ವರ್ಷದಲ್ಲಿ ನಾಲ್ಕೈದು ಸಲ ಕೇಳಿರಬಹುದು. ನನ್ನ ಪಕ್ಕದ ಹುಡುಗ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದ್ದ. ಅವಳು ಗೆದ್ದಿದ್ದಳು. ನನಗೆ ಅದು ಗೊತ್ತಾಯಿತು. ಗೊತ್ತಾದ ಮೇಲೆಯೇ ನಾನು ಬಾಯಿ ಬಿಟ್ಟೆ.

"ಬುಟ್ಬುಡ್ಲಾ ಪಾಪ, ಮುದ್ದೆ ಆರೋಗ್ತದೆ."

ಆಮೇಲೆ ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಕಣ್ಣು ಒರೆಸಲು ಕೈ ಎತ್ತಿದ್ದ ಹುಡುಗ ಅದೇ ಕೈಯಲ್ಲಿ ತೊಡೆ ತಟ್ಟಿಕೊಂಡ. ಪರದೆಯ ಮೇಲೆ ಮಚ್ಚು ಬಿತ್ತು, ಅವಳು ಸತ್ತಳು, ಅದಕ್ಕೂ ನಕ್ಕರು. ಉಳಿದ ಮೂವರು ಸಾಯುವಾಗಲೂ ಹಾಲಿನ ತುಂಬ "ಬುಟ್ಬುಡಿ ಅಣ್ಣ". ನನಗೆ ಎದೆ ಉಬ್ಬಿತು. ಕಸುಬು ಇನ್ನೂ ಮರೆತಿಲ್ಲ ಅಂದುಕೊಂಡೆ.

ಮಾರನೆಯ ದಿನದಿಂದ ಜನ ನಗುವುದಕ್ಕೆಂದೇ ಬಂದರು. ಆ ಸೀನು ಬರುವ ಮುಂಚೆಯೇ ಶುರುಮಾಡುತ್ತಿದ್ದರಂತೆ. ಮೊಬೈಲುಗಳಲ್ಲಿ ಅವಳ ಆ ಹತ್ತು ಸೆಕೆಂಡು ಮಾತ್ರ ಕತ್ತರಿಸಿ, ನಾಯಿಯ ಮುಖಕ್ಕೆ, ಕುರಿಯ ಮುಖಕ್ಕೆ ಅಂಟಿಸಿ ಕಳಿಸಿದರು. ಪತ್ರಿಕೆಯೊಂದರಲ್ಲಿ, ಭಯಪಡಿಸಲು ಹೋಗಿ ನಗಿಸಿದ ಚಿತ್ರ ಎಂದು ಬಂತು. ಎರಡನೆಯ ವಾರಕ್ಕೆ ಸಿನಿಮಾದವರೇ ಬುದ್ಧಿವಂತರಾದರು. ಹೊಸ ಪೋಸ್ಟರ್ ಹಾಕಿಸಿದರು. ಮಚ್ಚಿನ ಕೆಳಗೆ ಅವಳ ಅಳುಮುಖ, ಮೇಲೆ ದಪ್ಪಕ್ಷರದಲ್ಲಿ "ಬುಟ್ಬುಡಿ ಅಣ್ಣ", ಮೂಲೆಯಲ್ಲಿ "ಹೊಟ್ಟೆ ಹುಣ್ಣಾಗಿಸುವ ಹಾರರ್". ನಮ್ಮ ಬೀದಿಯ ತಿರುವಿನ ಗೋಡೆಗೇ ಎರಡು ಅಂಟಿಸಿದ್ದರು. ಹುಡುಗಿ ಹಾಲಿನ ಪ್ಯಾಕೆಟ್ಟಿಗೆ ಹೋದರೆ ಅಂಗಡಿಯವನು ಪ್ಯಾಕೆಟ್ ಹಿಡಿದುಕೊಂಡು ಬಿಡುತ್ತಿರಲಿಲ್ಲ. "ಕೇಳು, ಬುಡ್ತೀನಿ" ಅನ್ನುತ್ತಿದ್ದ.

ನಾನು ದಿನವೂ ಸಂಜೆ ಟೀ ಅಂಗಡಿಯಲ್ಲಿ ಕೂತು, ಮೊದಲು ಕೂಗಿದ್ದು ನಾನೇ ಎಂದು ಹೇಳಿಕೊಳ್ಳುತ್ತಿದ್ದೆ. ಕೇಳಿದವರಿಗೆ ಮಾಡಿ ತೋರಿಸುತ್ತಿದ್ದೆ.

ಒಂದು ವಾರದ ಮೇಲೆ ತಾಯಿ ಬಂದು ಬಾಗಿಲಲ್ಲಿ ನಿಂತಳು. ಬೆರಳಿನಲ್ಲಿ ಹೊಲಿಗೆಯ ದಾರ ಹಾಗೇ ಸುತ್ತಿಕೊಂಡಿತ್ತು. "ಅಣ್ಣ, ಯಾವನೋ ಒಬ್ಬ ಪಾಪಿ ಶುರುಮಾಡಿದ್ನಲ್ಲ. ನೀವು ಮಧ್ಯದಲ್ಲೇ ಕೂತಿದ್ರಲ್ಲ, ಕಂಡ್ರಾ?"

"ಕತ್ಲಲ್ಲಿ ಏನ್ ಕಾಣ್ತದೆ ಕಣಮ್ಮ. ಯಾವ್ದೋ ಕಾಲೇಜ್ ಐಕ್ಳು" ಅಂದೆ.

"ಅವನ ಬಾಯಿಗೆ ಹುಳ ಬೀಳ" ಅಂದು ಹೋದಳು. ಒಳಗಿದ್ದ ಹೆಂಡತಿಗೆ ಟೀ ಅಂಗಡಿಯ ಸುದ್ದಿ ಆಗಲೇ ತಲುಪಿತ್ತು. "ಬಿತ್ತಾ?" ಅಂದಳು. ಅಷ್ಟೇ. ಅವತ್ತಿನಿಂದ ಅವಳು ತಟ್ಟೆಗೆ ಬಡಿಸುವಾಗ ನನ್ನ ಮುಖ ನೋಡುವುದನ್ನು ಬಿಟ್ಟಳು.

ಇನ್ನೂ ಒಂದಿದೆ, ಇದನ್ನು ಹೇಳದಿದ್ದರೆ ಬರೆದದ್ದೆಲ್ಲ ಸುಳ್ಳು. ನನ್ನ ತಮ್ಮನ ಮನೆಯವರು ಊಟಕ್ಕೆ ಬಂದಿದ್ದರು. ಮೇಲೆ ಆ ಹುಡುಗಿ ಇದ್ದಾಳೆಂದು ತಿಳಿದು ನೋಡಬೇಕೆಂದರು. ನಾನು ಅಂಗಳಕ್ಕೆ ಬಂದು, ನೀರು ಬಂತು ಅನ್ನುವ ದನಿಯಲ್ಲೇ ಅವಳನ್ನು ಕರೆದೆ. ಇಳಿದು ಬಂದು ನಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಇವಳೇ ಕಣಪ್ಪ. ಎಲ್ಲಿ, ಒಂದ್ಸಲ ಹೇಳಮ್ಮ."

"ಬ್ಯಾಡ ತಾತ."

"ಅಯ್ಯೋ, ಮನೇವ್ರೇ ಅಲ್ವಾ. ಹೇಳು, ಏನಾಯ್ತದೆ."

ತಮ್ಮನ ಮಕ್ಕಳು ಮೊಬೈಲ್ ಎತ್ತಿ ಹಿಡಿದರು. ಅವಳು ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದಳು. "ಬುಟ್ಬುಡಿ ತಾತ" ಅಂದಳು. ಮೆಲ್ಲಗೆ.

"ತಾತ ಅಲ್ಲ ಕಣೇ, ಅಣ್ಣ" ಎಂದು ನಾನು ತಿದ್ದಿದೆ. "ನಿನ್ ಮಾತೇ ಮರ್ತೋಯ್ತಾ?"

ಎಲ್ಲರೂ ನಕ್ಕರು. ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಾಯಿತು. ಅವಳು "ಬುಟ್ಬುಡಿ ಅಣ್ಣ" ಎಂದು ಸರಿಯಾಗಿ ಹೇಳಿ, ಮೆಟ್ಟಿಲು ಹತ್ತಿ ಹೋದಳು.

ಆಮೇಲೆ ಮೇಲಿನಿಂದ ಪುಸ್ತಕ ಓದುವ ದನಿ ಕೇಳಲು ಶುರುವಾಯಿತು. ಬಿಡಿ, ಬಿಟ್ಟುಬಿಡಿ, ಕಾಯುತ್ತಿದ್ದಾಳೆ, ಕುಳಿತಿದ್ದಾಳೆ. ಒಂದೊಂದು ಮಾತನ್ನೂ ತಿಕ್ಕಿ ತೊಳೆಯುತ್ತಿದ್ದಳು. ಮನೆಯಲ್ಲಿ ತಾಯಿಯೊಡನೆಯೂ ಹಾಗೆಯೇ ಮಾತಾಡತೊಡಗಿದಳು. ತಾಯಿ "ಯಾಕವ್ವ ಇಂಗಾಡ್ತೀಯ" ಎಂದರೆ "ಹೀಗೆ ಅನ್ನಬೇಕು ಅಮ್ಮ" ಎಂದು ತಿದ್ದುತ್ತಿದ್ದಳು. ಏನೇ ಆಗಲಿ, ತಾಯಿ ಮನಸ್ಸು ಕರಗಿ ನಾಟಕದ ಶಾಲೆಯ ಸಂದರ್ಶನಕ್ಕೆ ಕಳಿಸಿದಳು. ಅಲ್ಲಿ ಯಾರೂ ಸಿನಿಮಾದ ಸುದ್ದಿಯನ್ನೇ ಎತ್ತಲಿಲ್ಲವಂತೆ. ಒಂದು ಮಾತು ಆಡಿ ತೋರಿಸೆಂದರು. ಆಡಿದಳು. ಕೂತಿದ್ದವರಲ್ಲಿ ಒಬ್ಬ ವಯಸ್ಸಾದ ಹೆಂಗಸು, "ಪುಸ್ತಕ ಮಾತಾಡಿದ ಹಾಗಿದೆ ಮಗು. ನಿಮ್ಮ ಮನೆಯ ಮಾತಲ್ಲಿ ಹೇಳು" ಎಂದು ಮೂರು ಸಲ ಕೇಳಿದಳಂತೆ. ಮೂರು ಸಲವೂ ಅವಳ ಬಾಯಿಗೆ ಅದು ಬರಲಿಲ್ಲ. ಈ ವಿಷಯವನ್ನು ತಾಯಿ ನನ್ನ ಹೆಂಡತಿಯ ಮುಂದೆ ಹೇಳಿಕೊಂಡು ಅತ್ತಳು. ನಾನು ಒಳಕೋಣೆಯಲ್ಲಿ ಪೇಪರ್ ಹಿಡಿದುಕೊಂಡು ಕೂತಿದ್ದೆ.

ಹುಡುಗಿ ಗಾರ್ಮೆಂಟ್ಸಿಗೆ ಸೇರಿದಳು. ಪೋಸ್ಟರು ಮಳೆಗೆ ಹರಿದುಹೋದವು, ಬೀದಿಯವರ ಬಾಯಿ ನಿಲ್ಲಲಿಲ್ಲ. ರಾಮಕೃಷ್ಣನಗರದ ಕಡೆ ಒಂದು ಕೋಣೆ ನೋಡಿಕೊಂಡು ಅವರು ಮನೆ ಖಾಲಿಮಾಡಿದರು. ತಾಯಿ ಹೊಲಿಗೆ ಮಿಷಿನ್ನಿನ ಜೊತೆ ಗೂಡ್ಸ್ ಆಟೋ ಹತ್ತಿ ಕೂತಿದ್ದಳು. ಹುಡುಗಿ ಬೀಗದ ಕೈ ಕೊಡಲು ಬಂದಳು. ಅವತ್ತು ಹೇಳಲೇಬೇಕೆಂದು ಬೆಳಗಿನಿಂದ ಬಾಯಲ್ಲಿ ಮಾತು ಕಟ್ಟಿಕೊಂಡಿದ್ದೆ.

"ಅವತ್ತು ಥಿಯೇಟರಲ್ಲಿ ಮೊದಲು ಕೂಗಿದ್ದು ನಾನು ಕಣಮ್ಮ" ಅಂದೆ.

"ಗೊತ್ತು" ಅಂದಳು. "ದಿನವೂ ನೀರು ಬಂತು ಎಂದು ಕರೆಯುತ್ತಿದ್ದ ದನಿ ನನಗೆ ಗೊತ್ತಾಗುವುದಿಲ್ಲವೇ? ಅಮ್ಮನಿಗೆ ಹೇಳಿಲ್ಲ. ನಿಮ್ಮನ್ನು ಅಣ್ಣ ಎಂದು ನಂಬಿದ್ದಾರೆ."

ತಮ್ಮನ ಮನೆಯವರ ಮುಂದೆ ಅವಳು ಹೇಳಿದ ಆ ಮೊದಲ ಮಾತು ತಪ್ಪಿ ಬಂದದ್ದಲ್ಲ ಎಂದು ನನಗೆ ಆಗ ಹೊಳೆಯಿತು. ತಪ್ಪಾಯಿತು, ಹೊಟ್ಟೆಗೆ ಹಾಕಿಕೊ ಎಂದು ಏನೇನೋ ತೊದಲಿದೆ. ಅವಳಿಗಿಂತ ಐವತ್ತು ವರ್ಷ ದೊಡ್ಡವನು ಕೈ ಮುಗಿದೆ. ಅವಳು ಬಯ್ಯಲಿ, ಅಳಲಿ, ಹಳೆಯ ಹಾಗೆ "ಬುಡಿ ತಾತ" ಎಂದಾದರೂ ಅನ್ನಲಿ ಎಂದು ಕಾದೆ.

ಅವಳು ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟಳು.

"ಬಿಡಿ ಸರ್" ಅಂದಳು.