ಬಾವಿಯ ಕಾಯ್ದೆ

ಓದಲು ಬಾರದಿದ್ದರೂ, ಯಾರಾದರೂ ಓದುವಾಗ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳುವುದು ಯಲ್ಲವ್ವನ ರೂಢಿ. ಮೂಡಲಗಿ ಕಡೆಯ ಒಂದು ಹಳ್ಳಿಗೆ ಮತದಾರರ ಯಾದಿ ಬರೆಯಲು ಹೋಗಿದ್ದೆ. ತನ್ನ ಹೆಸರನ್ನು ಹಾಗೆ ಓದಿಸಿಕೊಂಡವಳು, ಗಂಡ ಗೋಕಾಕದಿಂದ ತಂದಿದ್ದ ಇಂಗ್ಲಿಷ್ ಹಾಳೆಯನ್ನೂ ಮುಂದಿಟ್ಟಳು. ಅಸ್ಪೃಶ್ಯತೆ ಅಪರಾಧವೆನ್ನುವ ಹೊಸ ಕಾಯ್ದೆ ಅದು. ನನಗೆ ಮಾತು ಕಡಿಮೆ, ಇಂಗ್ಲಿಷ್ ಓದು ಮಾತ್ರ ಸಲೀಸು. ಊರ ಬಾವಿಯ ನೀರು ಸೇದಲು ಬಿಡದವರಿಗೆ ಜೈಲು ಎಂದು ಬಿಡಿಸಿ ಹೇಳಿದೆ.

“ಖರೇನ್ರಿ ಅಕ್ಕಾರ? ನಮ್ಮ ಓಣಿಯವರಿಗೂ ಬಾವಿ ನೀರಿನ ಹಕ್ಕ ಐತಿ?”

“ಎಲ್ಲಾರಿಗೂ ಐತಿ.”

“ನಮ್ಮ ಎಮ್ಮಿಗೆ?”

ನಾನು ಮತ್ತೆ ಹಾಳೆಯತ್ತ ಕಣ್ಣು ಹಾಯಿಸಿದೆ.

“ಅದು ಬಾವಿ ಬಾಜೂಕ ದನದ ಡೋಣ್ಯಾಗ ದಿನಾ ನೀರು ಕುಡೀತೈತ್ರಿ. ಅದಕ್ಕ ಯಾವ ಕಾಯ್ದೇನೂ ಬೇಕಾಗಿಲ್ಲ ನೋಡ್ರಿ,” ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, “ಇದು ಗೌಡರಿಗೆ ಗೊತ್ತೈತೇನ್ರಿ?”

“ಗೊತ್ತಿರಬೇಕು.”

“ಹೋದ ವರ್ಷ ಬಾವಿಗೆ ಹೋದಾಗ ನನ್ನ ಕೊಡ ಒಡದ್ರು. ಈ ಸಲ ಕೈ ಮುರೀತಾರ.”

ಹಾಗೆನ್ನುತ್ತಲೇ ಎದ್ದು, ಖಾಲಿ ಕೊಡ ಸೊಂಟಕ್ಕೇರಿಸಿಕೊಂಡು, ಹಾಳೆಯನ್ನು ನನ್ನ ಕೈಗೇ ಕೊಟ್ಟಳು.

“ಹಾಳಿ ತಾನ ಮಾತಾಡೂದಿಲ್ರಿ. ನಾ ನೀರು ಸೇದೂ ತನಕ ನೀವು ಬಾಜೂಕ ನಿಂತು ಇದನ್ನ ಎಲ್ಲಾರಿಗೂ ಕೇಳೂಹಂಗ ಓದ್ರಿ, ಅಕ್ಕಾರ.”