ಪಾಲಕರ ಸಹಿ

ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವರಿಗೆ ತಂಬಾಕಿನ ವಾಸನೆ ಬರುವುದೇ ಇಲ್ಲ. ಪರ ಊರಿನವರು ಬಸ್ಸಿನಿಂದ ಇಳಿದು ಮೂಗು ಮುಚ್ಚಿಕೊಂಡರೆ ಇವರಿಗೆ ಸಿಟ್ಟು ಬರುತ್ತದೆ, ಅಷ್ಟೆ. ಶೇವಂತಾಳಿಗೆ ಆ ವಾಸನೆ ಮೊದಲ ಸಲ ತಿಳಿದದ್ದು ಮೂವತ್ತಾರನೆಯ ವಯಸ್ಸಿನಲ್ಲಿ, ಬಿ.ಎ. ಮೊದಲ ವರ್ಷದ ತರಗತಿಯ ಕೊನೆಯ ಬೆಂಚಿನಲ್ಲಿ. ಹೊಸ ಪುಸ್ತಕ ತೆರೆದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಾಳೆಯನ್ನು ಮೂಗಿಗೆ ಹಿಡಿದಿದ್ದಳು. ಹಾಳೆಯ ಘಮದ ಜೊತೆಗೆ ಇನ್ನೊಂದು ವಾಸನೆಯೂ ಬಂತು. ಅದು ಅವಳ ಬೆರಳಿನದು.

ಅವಳು ಬೀಡಿ ಕಟ್ಟುವವಳು. ಗಂಡ ಭರಮು ತೀರಿಕೊಂಡು ಆರು ವರ್ಷವಾಗಿತ್ತು. ತವರಿನ ಎರಡು ಕೋಣೆಯ ಮನೆಯಲ್ಲಿ ಈಗ ಮೂವರೇ: ಅವ್ವ ಕೆಂಚವ್ವ, ಒಂಬತ್ತನೆಯ ಇಯತ್ತೆಯಲ್ಲಿ ಓದುವ ಮಗಳು ಸ್ನೇಹಲ, ಮತ್ತು ಇವಳು. ಬೆಳಗಿನ ಕಾಲೇಜು ಮುಗಿಸಿ ಬಂದು ಮೊರವನ್ನು ತೊಡೆಯ ಮೇಲಿಟ್ಟುಕೊಂಡರೆ ಎಲೆ ಕತ್ತರಿಸಬೇಕು, ತಂಬಾಕು ತುಂಬಬೇಕು, ಸುತ್ತಬೇಕು, ದಾರ ಕಟ್ಟಬೇಕು. ಆ ಕೈಗಳಿಗೆ ಕಣ್ಣಿನ ಹಂಗಿರಲಿಲ್ಲ. ಹಾಗಾಗಿ ಕಣ್ಣುಗಳು ಎಲ್ಲೆಲ್ಲೋ ಹೋಗಿ ಬರುತ್ತಿದ್ದವು. ಎದುರುಗೋಡೆಯ ಸುಣ್ಣ ಉದುರಿದ ಕಡೆ ಒಂದು ದೇಶದ ನಕಾಶೆ ಮೂಡುತ್ತಿತ್ತು, ಅದರಲ್ಲಿ ನದಿ, ನದಿಯ ದಂಡೆಗೆ ಬೆಳಿಗ್ಗೆ ಸರ್ ಹೇಳಿದ ಹಳೆಯ ಪಟ್ಟಣ. ಶೇವಂತಾ ಆ ಪಟ್ಟಣದ ಬೀದಿಗಳಲ್ಲಿ ಬರಿಗಾಲಲ್ಲಿ ಅಡ್ಡಾಡುತ್ತಿದ್ದಳು. ಐದು ಸಾವಿರ ವರ್ಷದ ಹಿಂದಿನ ಆ ಬಾಗಿಲುಗಳಲ್ಲೂ ಹೆಂಗಸರು ಮೊರ ಹಿಡಿದು ಕುಳಿತಿದ್ದರು, ಇವಳನ್ನು ಕಂಡು ಸರಿದು ಜಾಗ ಮಾಡಿಕೊಡುತ್ತಿದ್ದರು.

"ಏ ಶೇವಂತಾ, ಎಲ್ಲಿ ಹೋಗಿ ಕುಂತೀಬೇ? ದಾರಾ ಕಟ್ಟಲಾರದ ಬೀಡಿ ಇಡಾಕತ್ತೀಯಲ್ಲ!" ಎಂದು ಕೆಂಚವ್ವ ಗದರಿದರೆ ಪಟ್ಟಣ ಮತ್ತೆ ಸುಣ್ಣವಾಗುತ್ತಿತ್ತು.

ಶೇವಂತಾಳಿಗೆ ಪದೇ ಪದೇ ಬೀಳುವ ಒಂದು ಕನಸಿತ್ತು. ಒಂಬತ್ತನೆಯ ಇಯತ್ತೆಯ ಪಾಠದ ಖೋಲಿ, ಕಲಿಸುವ ಬಾಯಾರು ಹಾಜರಿ ಕರೆಯುತ್ತಿದ್ದಾರೆ. ಶೇವಂತಾ ಎಂದು ಕೂಗಿದಾಗ ಇವಳು ಎದ್ದು ನಿಲ್ಲುತ್ತಾಳೆ, ಆದರೆ ಬಾಯಲ್ಲಿ ಬೀಡಿಯ ದಾರ ಕಚ್ಚಿಕೊಂಡಿದ್ದಾಳೆ. ಬಾಯಾರು ಮತ್ತೊಮ್ಮೆ ಕೂಗಿ, ಕಾದು, ಮುಂದಿನ ಹೆಸರಿಗೆ ಹೋಗುತ್ತಾರೆ.

ನಿಜದಲ್ಲಿ ಆದದ್ದು ಇಷ್ಟೇ. ಅಪ್ಪ ಹಾಸಿಗೆ ಹಿಡಿದ ವರ್ಷ ಕೆಂಚವ್ವ ಒಂದು ಮುಂಜಾನೆ, "ನಾಳಿಂದ ಸಾಲಿ ಬ್ಯಾಡವಾ" ಅಂದು ಮಗಳ ತೊಡೆಯ ಮೇಲೆ ಮೊರ ಇಟ್ಟಳು. ಮೊರದ ಕೆಳಗೆ ಪಾಟಿಚೀಲ ಇನ್ನೂ ಇತ್ತು. ಇಪ್ಪತ್ತೆರಡು ವರ್ಷ ಆ ಮುಂಜಾನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಶೇವಂತಾ ಹತ್ತನೆಯದನ್ನು ಹೊರಗಿನಿಂದ ಕಟ್ಟಿ ಪಾಸಾದಾಗಲೂ, ಆಮೇಲೆ ಪಿಯುಸಿ ಆದಾಗಲೂ ಕೆಂಚವ್ವ ಅಂದದ್ದು ಒಂದೇ: "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ." ಮುದುಕಿಯ ನಾಲಿಗೆ ಅಂಥದ್ದು, ಯಾರಿಗೂ ರಿಯಾಯಿತಿ ಇಲ್ಲ.

ಮೊದಲ ವರ್ಷದ ಫೀಗೆ ಕಿವಿಯ ಓಲೆ ಹೋಗಿತ್ತು. ಎರಡನೆಯ ವರ್ಷಕ್ಕೆ ಮಾರಲು ಏನೂ ಉಳಿದಿರಲಿಲ್ಲ. ಸಹಾಯ ಸಿಗದಿದ್ದರೆ ಕಾಲೇಜು ಅಲ್ಲಿಗೇ ಖಲಾಸ್. ಅಷ್ಟರಲ್ಲಿ ಕಾಲೇಜಿನ ಗೋಡೆಗೆ ಒಂದು ನೋಟೀಸು ಬಿತ್ತು. ನಿವೃತ್ತ ಶಿಕ್ಷಕಿಯೊಬ್ಬರು ಸಾಯುವ ಮುಂಚೆ ಬಿಟ್ಟುಹೋದ ಹಣದಿಂದ ಮಕ್ಕಳಿರುವ ತಾಯಿ-ತಂದೆಯರು ಮರಳಿ ಓದಲು ಬಂದರೆ ಪೂರ್ತಿ ಫೀ, ಮೇಲೆ ತಿಂಗಳಿಗೆ ಇಷ್ಟು ಅಂತ ಮನೆಖರ್ಚು. ಓದಿ ಓದಿ ಶೇವಂತಾಳ ಕಣ್ಣು ಮಂಜಾಯಿತು. ಮೂರು ದಿನ ಅವಳು ನೆಲದ ಮೇಲೆ ನಡೆಯಲೇ ಇಲ್ಲ ಅನ್ನಬೇಕು.

ಫಾರ್ಮು ಮಾತ್ರ ಹುಡುಗ-ಹುಡುಗಿಯರಿಗೆಂದು ಹಿಂದೆಂದೋ ಅಚ್ಚು ಹಾಕಿಸಿದ್ದು. ಕೆಳಗೆ 'ಪಾಲಕರ ಸಹಿ' ಎಂಬ ಜಾಗ ಹಾಗೇ ಉಳಿದಿತ್ತು. ಹತ್ತು ವರ್ಷದಿಂದ ಸ್ನೇಹಲಳ ಪ್ರಗತಿಪತ್ರಕ್ಕೆ, ಸಮವಸ್ತ್ರದ ರಸೀದಿಗೆ, ಸಹಲು-ಪ್ರವಾಸದ ಒಪ್ಪಿಗೆಗೆ ಆ ಜಾಗ ಕಂಡಲ್ಲೆಲ್ಲ ಸಹಿ ಹಾಕಿದ ಕೈ ಅದು. ಯೋಚಿಸುವ ಮೊದಲೇ ಓಡಿಬಿಟ್ಟಿತು. ತನ್ನ ಓದಿಗೆ ತಾನೇ ಪಾಲಕಿ! ನಗಬೇಡಿ, ತಾಯಂದಿರ ಕೈ ಹಾಗೆಯೇ.

ಆ ಹಣ ನೋಡಿಕೊಳ್ಳುವ ಟ್ರಸ್ಟಿನ ಆಫೀಸಿನಲ್ಲಿ ಕುಳಿತುಕೊಳ್ಳುವ ಮಾಯಪ್ಪ ಫಾರ್ಮು ಹಿಂದಿರುಗಿಸಿದ. "ಅಕ್ಕಾರ, ಹಿಂಗ ನಡಿಯೂದಿಲ್ರಿ. ನಿಮಗ ನೀವ ಜಾಮೀನು ಆಗಾಕ ಬರ್ತೈತೇನ್ರಿ? ಮನ್ಯಾಗಿನ ಹಿರ್‍ಯಾರು ಬೇಕು. ಶನಿವಾರ ಕಡೀ ದಿನ ನೋಡ್ರಿ" ಎಂದು ಹೊಸ ಹಾಳೆ ಕೊಟ್ಟ. ಶೇವಂತಾ ಆಗ ಸಹಿಯ ಮೇಲಿನ ಸಣ್ಣ ಅಕ್ಷರದ ಸಾಲನ್ನು ಓದಿದಳು. ಓದಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. ಮನೆಯಲ್ಲಿ ಹಿರಿಯಳೆಂದರೆ ಕೆಂಚವ್ವ ಒಬ್ಬಳೇ, ಮತ್ತು ಆ ಸಾಲನ್ನು ಕೆಂಚವ್ವನಿಗೆ ಓದಿ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಬುಧವಾರ ಹೋಯಿತು, ಗುರುವಾರ ಹೋಯಿತು. ಶುಕ್ರವಾರ ಸಂಜೆ ಎಲೆಗೆ ನೀರು ಚಿಮುಕಿಸುತ್ತ ಅಂದಳು: "ಯವ್ವಾ, ನಾಳೆ ಒಂದ್ ಹೆಬ್ಬಟ್ಟ ಒತ್ತೂದೈತಿ. ಆಫೀಸಿಗಿ ಬರ್ತೀಯೇನ?"

"ಎದಕ್ಕ?"

"ಫೀ ಕೊಡ್ತಾರಂತ."

ಮುದುಕಿ ಎಲೆಯ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು. ಮರುದಿನ ನೋಡಿದರೆ ಹಬ್ಬಕ್ಕೆ ಮಾತ್ರ ಉಡುವ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಿದ್ದಳು. "ನಡೀ, ಹೊತ್ತಾಕೈತಿ" ಎಂದು ಇವಳನ್ನೇ ಅವಸರಿಸಿದಳು.

ಆ ಮುಂಜಾನೆ ಊರ ಮೇಲೆ ಮಂಜು ಕುಳಿತಿತ್ತು. ತವಂದಿ ಘಾಟಿನ ಗುಡ್ಡ ಇರಲಿಲ್ಲ, ಬಸ್ ಸ್ಟ್ಯಾಂಡ್ ಇರಲಿಲ್ಲ, ಎಲ್ಲ ಕರಗಿ ಬೆಳ್ಳಗಾಗಿತ್ತು. ಅವ್ವನ ಸೆರಗಿನ ಕೆಂಪೊಂದೇ ಮುಂದೆ ಮುಂದೆ ಹೋಗುತ್ತಿತ್ತು. ಮೊದಲ ದಿನ ಸಾಲಿಗೆ ಸೇರಿಸಲು ಅವ್ವ ಕರೆದುಕೊಂಡು ಹೋದಾಗಲೂ ಹೀಗೇ ಬೆನ್ನಿಗೆ ನಡೆದಿದ್ದೆನಲ್ಲ ಎಂದು ಶೇವಂತಾಳಿಗೆ ನೆನಪಾಯಿತು. ತಾನು ಆರು ವರ್ಷದವಳೋ ಮೂವತ್ತಾರರವಳೋ ಒಂದು ಕ್ಷಣ ತಿಳಿಯದೆ ಹೋಯಿತು.

ಮಾಯಪ್ಪ ಮಸಿಯ ಡಬ್ಬಿ ತೆರೆದ. ಕೆಂಚವ್ವ ಹೆಬ್ಬೆರಳನ್ನು ಮುಂದೆ ಚಾಚಿದಳು. ದೇವರೇ, ಆ ಸಾಲು ಬಿಟ್ಟುಬಿಡಲಿ ಎಂದುಕೊಂಡಳು ಶೇವಂತಾ. ಮಾಯಪ್ಪ ಬಿಡುವ ಆಸಾಮಿಯೇ?

"ಥೋಡೆ ತಡೀರಿ ಆಯಿ. ಹೆಬ್ಬಟ್ಟ ಒತ್ತಾವ್ರಿಗಿ ಓದಿ ಹೇಳಬೇಕಂತ ರೂಲ್ ಐತಿ." ಕನ್ನಡಕ ಏರಿಸಿ ಓದಿದ: "ಓದು ಮುಗಿಯುವವರೆಗೆ ನನ್ನ ಮಗಳನ್ನು ಯಾವ ಕಾರಣಕ್ಕೂ ನಡುವೆ ಬಿಡಿಸುವುದಿಲ್ಲ ಎಂದು ಮಾತು ಕೊಡುತ್ತೇನೆ."

ಕೆಂಚವ್ವನ ಕೈ ಗಾಳಿಯಲ್ಲೇ ನಿಂತಿತು. ಶೇವಂತಾ ನೆಲ ನೋಡಿದಳು.

"ಇನ್ನೊಮ್ಮೆ ಓದ್ರೀ" ಅಂದಳು ಕೆಂಚವ್ವ. ಮಾಯಪ್ಪ ಮತ್ತೆ ಓದಿದ. ಆಗ ಮುದುಕಿ ಹೆಬ್ಬೆರಳನ್ನು ಮಸಿಗೆ ಅದ್ದಿ ಹಾಳೆಗೆ ಊರಿ ಒತ್ತಿದಳು. ಬೆರಳೆತ್ತಿದರೆ ಅಲ್ಲಿ ಒಂದೂ ಗೆರೆಯಿರಲಿಲ್ಲ, ನುಣ್ಣನೆಯ ಕಪ್ಪು ಬೊಟ್ಟು. ಐವತ್ತು ವರ್ಷ ಎಲೆ ಸುತ್ತಿ ಸುತ್ತಿ ಗೆರೆಗಳೆಲ್ಲ ಸವೆದುಹೋಗಿದ್ದವು. ಇನ್ನೊಂದು ಹೆಬ್ಬೆರಳನ್ನೂ ಒತ್ತಿದಳು, ಅದೂ ಹಾಗೇ. ಇಷ್ಟು ಬಂದು ಇಲ್ಲಿ ತಪ್ಪಿತೇ ಎಂದು ಶೇವಂತಾ ಮಾಯಪ್ಪನ ಮುಖ ನೋಡಿದಳು.

ಮಾಯಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ನಮ್ಮವ್ವಂದೂ ಹಿಂಗ ಇತ್ರಿ" ಅಂದ. ಪಕ್ಕದಲ್ಲಿ ಸಾಕ್ಷಿಯೆಂದು ತಾನೇ ಸಹಿ ಹಾಕಿ, ಆಫೀಸಿನ ಶಿಕ್ಕಾ ಹೊಡೆದ. "ಆತ್ರಿ ಆಯಿ."

ಕೆಂಚವ್ವ ಏಳಲಿಲ್ಲ. "ಇನ್ನ ಮ್ಯಾಲ ಇಕೀನ್ನ ಬಿಡಿಸಾಕ ನನಗ ಬರೂದಿಲ್ಲೇನ್ರಿ?"

"ಬರೂದಿಲ್ರಿ."

"ಚೊಲೋ ಆತು." ಮಸಿಯ ಬೆರಳನ್ನು ಹಬ್ಬದ ಸೀರೆಗೇ ಒರೆಸಿಕೊಂಡಳು. ಆಮೇಲೆ ಮಗಳ ಕಡೆ ತಿರುಗದೆ, ಮಾಯಪ್ಪನಿಗೇ ಹೇಳಿದಳು: "ಆವತ್ತ ಇಂಥಾದೊಂದ ಕಾಗದಾ ಯಾರೂ ನಮ್ಮ ಮನೀಗಿ ತರಲಿಲ್ರಿ, ಸಾಹೇಬ್ರ. ತಂದಿದ್ರ ಆವತ್ತ ಒತ್ತತಿದ್ನಿ. ಆವಾಗ ನನ್ನ ಬೊಟ್ಟಿನ್ಯಾಗ ಗೆರಿ ಇದ್ದೂ."